ಉದುರಿಹೋದ ‘ಅಂತ’

ನಮ್ಮ ಕಡೆ ಕೇಳಿದ ಮಾತಿಗೆ ಒಂದು ಬಾಲವಿರುತ್ತದೆ. ಪಕ್ಕದ ಮನೆಯವನು ಊರಿಂದ ಬಂದದ್ದನ್ನು ಕಣ್ಣಾರೆ ಕಂಡಿದ್ದರೆ ‘ಬಂದಾನ’ ಎನ್ನುತ್ತೇವೆ. ಬೇರೆಯವರ ಬಾಯಿಂದ ಕೇಳಿದ್ದರೆ ‘ಬಂದಾನಂತ’. ಪುಸ್ತಕದ ಕನ್ನಡದಲ್ಲಿ ಅದೇ ‘ಅಂತೆ’. ಹುನಗುಂದದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ತರ್ಕಶಾಸ್ತ್ರ ಕಲಿಸಿದ ನಾನು ಪ್ರತಿ ವರ್ಷದ ಮೊದಲ ಪಾಠವನ್ನು ಈ ಬಾಲದಿಂದಲೇ ಶುರು ಮಾಡುತ್ತಿದ್ದೆ. ಕಂಡದ್ದು ಪ್ರತ್ಯಕ್ಷ, ಕಂಡದ್ದರಿಂದ ಊಹಿಸಿದ್ದು ಅನುಮಾನ, ಇನ್ನೊಬ್ಬರು ಹೇಳಿ ತಿಳಿದದ್ದು ಶಬ್ದ. ಮೂರನ್ನೂ ಬೋರ್ಡಿನ ಮೇಲೆ ಬರೆದು, “ಇದನ್ನ ನಿಮ್ಮವ್ವ ನಿಮಗ ಮಾತು ಕಲಿಸುವಾಗನ ಕಲಿಸ್ಯಾಳ, ನಾ ಬರೇ ಹೆಸರು ಹೇಳತೇನಿ. ‘ಅಂತ’ ಬಿಟ್ಟು ಮಾತಾಡಿದವರಿಗೆ ಮಾರ್ಕ್ಸ್ ಇಲ್ಲ” ಎನ್ನುತ್ತಿದ್ದೆ. ಹುಡುಗಿಯರು ನಗುತ್ತಿದ್ದರು. ನನಗೂ ನನ್ನ ಬಗ್ಗೆ ಭಾರಿ ಹೆಮ್ಮೆಯಿತ್ತು.

ಒಂದು ಶ್ರಾವಣ ಸೋಮವಾರ ಪಾಠದ ನಡುವೆ ಒಬ್ಬ ಹುಡುಗಿ ಬೆಂಚಿನಿಂದ ಜಾರಿ ಕೆಳಗೆ ಬಿದ್ದಳು. ಐಹೊಳೆಯಿಂದ ಬಸ್ಸಿಗೆ ಬರುತ್ತಿದ್ದವಳು. ಅವಳ ತಂದೆ ಹೊಲದ ಕೆಲಸವಿಲ್ಲದ ದಿನಗಳಲ್ಲಿ ಅಲ್ಲಿನ ಗುಡಿಗಳನ್ನು ತೋರಿಸುವ ಗೈಡ್. ಉಳಿದವರು ಚೀರಿಕೊಂಡರು. ನಾನು ಓಡಿಹೋಗಿ ಕೂತು, ಜೇಬಿನಿಂದ ಗಾಡಿಯ ಕೀಲಿಕೈ ತೆಗೆದು ಅವಳ ಮುಷ್ಟಿಯಲ್ಲಿ ಒತ್ತಿದೆ. ಯಾಕೆ ಹಾಗೆ ಮಾಡಿದೆನೋ! ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದಳು. ತರ್ಕಶಾಸ್ತ್ರ ತಲೆಯಲ್ಲಿತ್ತು, ಕೈ ಮಾತ್ರ ಅಜ್ಜಿಯದು. ಒಂದು ನಿಮಿಷದೊಳಗೆ ಹುಡುಗಿ ಎದ್ದು ಕೂತು, “ಉಪಾಸ ಇದ್ದೇನ್ರಿ ಸರ್, ಮುಂಜಾನಿಂದ ನೀರೂ ಕುಡಿದಿಲ್ಲ” ಎಂದು ನಾಚಿಕೊಂಡಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾಲೇಜಿನ ಸಿಪಾಯಿ ಸಕ್ಕರೆ ಹೆಚ್ಚು ಹಾಕಿದ ಚಹಾ ತಂದುಕೊಟ್ಟ. ಕೀಲಿಕೈ ನನ್ನ ಜೇಬಿಗೆ ಮರಳಿತು. ನಾನು ಮರೆತೆ.

ನಾಲ್ಕು ವರ್ಷ ಕಳೆದವು. ಅವಳು ಬಿ.ಎಡ್. ಮುಗಿಸಿ ಖಾಸಗಿ ಸಾಲೆಯೊಂದರಲ್ಲಿ ಕಲಿಸತೊಡಗಿದ್ದಳು. ನಾನು ನಿವೃತ್ತನಾಗಿ ಇಳಕಲ್ಲಿನ ಮನೆಯಲ್ಲಿ ಪೇಪರ್ ಓದುತ್ತ ಎಲ್ಲರ ಮೇಲೂ ಸಿಡುಕುತ್ತಿದ್ದೆ. ಒಂದು ದಿನ ಬಾದಾಮಿಯಿಂದ ಇಬ್ಬರು ಹಿರಿಯರು ಬಂದರು. ಹುಡುಗನ ತಂದೆ ಮತ್ತು ಸೋದರಮಾವ. ಆ ಹುಡುಗಿಯನ್ನು ನೋಡಿ ಮೆಚ್ಚಿದ್ದಾರೆ, ಕಾಲೇಜಿನಲ್ಲಿ ಕಲಿಸಿದವರ ಹತ್ತಿರ ‘ವಿಚಾರ ಮಾಡಿಕೊಂಡು’ ಹೋಗಲು ಬಂದಿದ್ದಾರೆ.

“ನೀವು ಸುಳ್ಳು ಹೇಳೂದಿಲ್ಲ ಅಂತ ಎಲ್ಲಾರೂ ಹೇಳ್ತಾರ್ರಿ, ಅದಕ್ಕ ನಿಮ್ಮ ಕಡೆನ ಬಂದೇವಿ,” ಎಂದರು ತಂದೆ.

ಉಬ್ಬಿಹೋದೆ. “ಹುಡುಗಿ ಬಂಗಾರದಂಥಾಕಿ. ಶಾಣ್ಯಾಕಿ. ಫಿಟ್ಸ್ ಬರ್ತಾವ, ಅದೊಂದು ನೋಡಿಕೊಳ್ರಿ,” ಎಂದೆ.

‘ಬರ್ತಾವಂತ’ ಎನ್ನಬೇಕಿತ್ತು. ಕೆಲವು ತಿಂಗಳ ಹಿಂದೆ ನನ್ನ ಹೆಂಡತಿ ಯಾವುದೋ ಮದುವೆಯಲ್ಲಿ ಕೇಳಿ ಬಂದು, “ನಿಮ್ಮ ಆ ಐಹೊಳಿ ಹುಡುಗಿಗೆ ಫಿಟ್ಸ್ ಬರ್ತಾವಂತ” ಎಂದಿದ್ದಳು. ಅವಳು ಬಾಲ ಬಿಟ್ಟಿರಲಿಲ್ಲ, ಬಿಟ್ಟವನು ನಾನು. ಅವಳು ಹಾಗೆಂದಾಗ ನನಗೆ ಆ ಸೋಮವಾರ ನೆನಪಾಗಿ, ‘ಹೌದಲ್ಲ, ನನ್ನ ಕಣ್ಣೆದುರೇ ಬಿದ್ದಿದ್ದಳು’ ಎಂದುಕೊಂಡಿದ್ದೆ. ಕಂಡದ್ದೂ ಕೇಳಿದ್ದೂ ಕೂಡಿಬಂದವು. ಎರಡು ಬೇರೆ ಬೇರೆ ದಾರಿಯಿಂದ ಬಂದ ಒಂದೇ ಮಾತು ಸತ್ಯವಾಗಿರಲೇಬೇಕಲ್ಲ, ಪಾಠದಲ್ಲಿ ನಾನು ಹೇಳುತ್ತಿದ್ದುದೂ ಅದನ್ನೇ. ಹಿರಿಯರು ಚಹಾ ಕುಡಿದು, ಕೈಮುಗಿದು ಹೋದರು. ಖರೆ ಹೇಳಿದೆನೆಂಬ ಸಮಾಧಾನದಲ್ಲಿ ನಾನು ಚೆನ್ನಾಗಿ ಊಟ ಮಾಡಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ವಾರದೊಳಗೆ ಸಂಬಂಧ ಮುರಿಯಿತು. ಹುಡುಗಿಯ ತಂದೆ ಇಳಕಲ್ಲಿಗೆ ಬಂದ. ಜಗಳಕ್ಕಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಸರ್, ಪರಶುರಾಮ ನಮ್ಮೂರ ಹೊಳ್ಯಾಗ ಕೊಡ್ಲಿ ತೊಳದನಂತ ಅಂತ ನಾ ದಿನಾ ಮಂದಿಗೆ ಹೇಳ್ತೇನ್ರಿ. ತೊಳದ ಅಂತ ಒಮ್ಮೆನೂ ಹೇಳಿಲ್ಲ, ನಾ ನೋಡಿಲ್ಲಲ್ರಿ. ನೀವು ನಮ್ಮ ಹುಡುಗಿಗೆ ಫಿಟ್ಸ್ ಬಂದದ್ದು ನೋಡೀರೇನ್ರಿ?”

“ಬಿದ್ದದ್ದು ನೋಡೇನಿ,” ಎಂದೆ. ಆತ ಕೈಮುಗಿದು ಎದ್ದುಹೋದ.

ಅಂದಿನಿಂದ ನಾನು ಮಾತಿನ ಬೇರು ಹುಡುಕತೊಡಗಿದೆ. ನನ್ನ ಹೆಂಡತಿಗೆ ಹೇಳಿದವಳು ನನ್ನ ಸಹೋದ್ಯೋಗಿಯೊಬ್ಬನ ಹೆಂಡತಿ. ಅವಳಿಗೆ ಹೇಳಿದ್ದು ಅವಳ ಗಂಡ. ಅವನಿಗೆ ಹೇಳಿದ್ದು ನಮ್ಮ ಸಿಪಾಯಿ. ಸಿಪಾಯಿಯನ್ನು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು, “ನಿನಗ ಯಾರು ಹೇಳಿದ್ರಪಾ?” ಎಂದು ಕೇಳಿದೆ.

“ಯಾರು ಹೇಳೂದೇನ್ರಿ ಸರ್,” ಎಂದ ಅವನು, ನನ್ನ ಪ್ರಶ್ನೆಯೇ ವಿಚಿತ್ರವೆಂಬಂತೆ. “ನೀವ ಆಕಿ ಕೈಯಾಗ ಕೀಲಿಕೈ ಕೊಟ್ರಲ್ರಿ. ನಿಮ್ಮಂಥ ಕಲ್ತವ್ರು ಸುಮ್ನ ಕೊಡ್ತಾರೇನ್ರಿ?”

ಎರಡು ದಾರಿ ಇರಲೇ ಇಲ್ಲ. ನನ್ನ ಕೈ ಮಾಡಿದ ಪೆದ್ದುತನ ನಾಲ್ಕು ವರ್ಷ ನಾಲ್ಕು ಬಾಯಿ ತಿರುಗಿ ನನ್ನ ಕಿವಿಗೇ ಬಂದಿತ್ತು, ನಾನು ಅದನ್ನು ಸಾಕ್ಷಿ ಎಂದು ಸ್ವಾಗತಿಸಿದ್ದೆ. ಬಸ್‌ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಕೂತೆ. ಇಳಕಲ್ಲಿನ ಎರಡು ಬಸ್ಸು ಹೋದರೂ ಏಳಲು ಮನಸ್ಸಾಗಲಿಲ್ಲ.

ಮರುದಿನವೇ ಬಾದಾಮಿಗೆ ಹೋದೆ. ಹುಡುಗನ ತಂದೆಯ ಎದುರು ಎಲ್ಲವನ್ನೂ ಬಿಡಿಸಿ ಹೇಳಿದೆ. ಉಪವಾಸ, ಕೀಲಿಕೈ, ಸಿಪಾಯಿ, ಹೆಂಡತಿ. ತಪ್ಪು ನನ್ನದು ಎಂದೆ. ಅವರು ತಾಳ್ಮೆಯಿಂದ ಕೇಳಿ, ನನ್ನ ಭುಜದ ಮೇಲೆ ಕೈಯಿಟ್ಟರು.

“ಸರ್, ನೀವು ಭಾಳ ಒಳ್ಳ್ಯಾವ್ರು. ಹುಡುಗಿ ಅಪ್ಪ ಬಂದು ಅತ್ತಿರಬೇಕು, ನಿಮಗ ಕರುಳು ಚುರುಕ್ ಅಂದಿರಬೇಕು. ಮೊದಲ ಸಲ ಬಾಯಿಗೆ ಬಂದದ್ದ ಖರೆ ಇರ್ತೈತ್ರಿ.”

ಊಹೆಯನ್ನು ಸತ್ಯ ಮಾಡುವಷ್ಟು ಮರ್ಯಾದೆ ನನಗಿತ್ತು. ಸತ್ಯವನ್ನು ಸತ್ಯ ಮಾಡುವಷ್ಟು ಇರಲಿಲ್ಲ. ಮರಳುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಆ ಸೋಮವಾರವನ್ನು ಮತ್ತೆ ಮತ್ತೆ ನೋಡಲು ಪ್ರಯತ್ನಿಸಿದೆ. ಅವಳು ಜಾರುತ್ತಾಳೆ, ಬೀಳುತ್ತಾಳೆ. ಆಗ ನನಗೆ ಭಯವಾಯಿತು. ನೆನಪಿನಲ್ಲಿ ಅವಳ ಎಡಗೈ ಅದುರುತ್ತಿತ್ತು. ಅದು ಅಂದು ಕಂಡದ್ದೋ, ಆಮೇಲೆ ಸೇರಿಕೊಂಡದ್ದೋ? ಗೊತ್ತಾಗಲಿಲ್ಲ. ಇಂದಿಗೂ ಗೊತ್ತಿಲ್ಲ. ಕಂಡದ್ದೊಂದಾದರೂ ಗಟ್ಟಿ ಎಂದು ಇಪ್ಪತ್ತಾರು ವರ್ಷ ಹೇಳಿಕೊಟ್ಟಿದ್ದೆ, ಅದೂ ಹೋಯಿತು.

ಎಂಟು ತಿಂಗಳು ಐಹೊಳೆಯ ಕಡೆ ಮುಖ ಹಾಕಲು ಧೈರ್ಯ ಬರಲಿಲ್ಲ. ಕಡೆಗೆ ಒಂದು ಭಾನುವಾರ ಮಧ್ಯಾಹ್ನ ಹೋದೆ. ತಂದೆ ಗುಡಿಯ ಕಡೆ ಹೋಗಿದ್ದ. ಹುಡುಗಿ ನಗುತ್ತಲೇ ಬರಮಾಡಿಕೊಂಡಳು. ಚಹಾ ಇಡಲು ಎದ್ದವಳನ್ನು ತಾಯಿ ಕೂರಿಸಿ ತಾನೇ ಒಳಗೆ ಹೋದಳು. ಈಗ ಅವಳನ್ನು ಒಲೆಯ ಹತ್ತಿರ ಬಿಡುವುದಿಲ್ಲ, ಹೊಳೆಗೆ ಕಳಿಸುವುದಿಲ್ಲ, ಸಾಲೆಯ ಕೆಲಸವನ್ನೂ ಬಿಡಿಸಿದ್ದಾರೆ. ನಾನು ‘ಬಿದ್ದದ್ದು ನೋಡೇನಿ’ ಎಂದದ್ದರಿಂದ ತಂದೆಗೂ ಸಂಶಯ ಹೊಕ್ಕು, ಬಾಗಲಕೋಟೆಗೆ ಕರೆದೊಯ್ದು ತಲೆಗೆ ವೈರು ಹಚ್ಚಿಸಿ ಪರೀಕ್ಷೆ ಮಾಡಿಸಿದ್ದರು. ಅದರಲ್ಲಿ ಏನೂ ಕಂಡಿರಲಿಲ್ಲ. ಬೀಳುವುದನ್ನು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಡಾಕ್ಟರು ಕೇಳಿದಾಗ ತಾಯಿ, ನಮ್ಮ ಸರ್ ನೋಡ್ಯಾರ ಎಂದು ಹೇಳಿದ್ದಳು. ಯಾವುದಕ್ಕೂ ಇರಲಿ ಎಂದು ಗುಳಿಗೆ ಬರೆದಿದ್ದರು.

“ಸರ್, ನನಗ ಏನೂ ನೆನಪಿಲ್ರಿ,” ಎಂದಳು ಹುಡುಗಿ. “ನೋಡಿದಾವ್ರು ನೀವ. ಕೈಕಾಲು ಬಡಕೊಂಡಿದ್ನೇನ್ರಿ? ಬಾಯಾಗ ನೊರಿ ಬಂದಿತ್ತೇನ್ರಿ?”

“ಇಲ್ಲವಾ, ಏನೂ ಇರಲಿಲ್ಲ. ನೀ ಉಪಾಸ ಇದ್ದಿ, ಬಿದ್ದಿ, ಎದ್ದಿ. ಅಷ್ಟ.”

ತಾಯಿ ಒಳಗಿನಿಂದಲೇ, “ಸರ್ ನಿನ್ನ ಮನಸ್ಸಿಗೆ ಹತ್ತಬಾರ್ದಂತ ಹೇಳಾಕತ್ಯಾರ ಬಿಡ” ಎಂದಳು.

ಹುಡುಗಿ ತಲೆಯಾಡಿಸಿದಳು. “ಮೊದಲ ನಿಮ್ಮ ಮ್ಯಾಲ ಭಾಳ ಸಿಟ್ಟು ಬಂದಿತ್ರಿ. ಖರೆ ಹೇಳ್ತೇನಿ. ಆದ್ರ ಗುಳಿಗಿ ಚಾಲೂ ಮಾಡಿ ಏಳು ತಿಂಗಳಾತು, ಒಮ್ಮೆನೂ ಬಿದ್ದಿಲ್ರಿ.”

“ಅದಕ್ಕಿಂತ ಮೊದಲ ನಾಕು ವರ್ಷನೂ ಬಿದ್ದಿರಲಿಲ್ಲಲ್ಲ, ತಂಗಿ!” ನನ್ನ ಧ್ವನಿ ಏರಿತು. ಇಡೀ ಜೀವಮಾನದಲ್ಲಿ ನಾನು ಕಟ್ಟಿದ ಅತ್ಯಂತ ನೇರವಾದ ವಾದ ಅದು.

“ಅದು ನಮ್ಮ ಪುಣ್ಯರಿ ಸರ್,” ಎಂದಳು ಅವಳು, ಚಿಕ್ಕವರಿಗೆ ತಿಳಿಹೇಳುವಂತೆ. “ನೀವು ಗುರುತು ಹಿಡೀಲಿಲ್ಲಂದ್ರ ನಮಗ ಗೊತ್ತ ಆಗ್ತಿರಲಿಲ್ಲ.”

ಗುಳಿಗೆ ಬಿಡು ಎನ್ನಲು ನನಗೆ ಧೈರ್ಯವಾಗಲಿಲ್ಲ. ಬಿಟ್ಟ ಮರುದಿನ ಬಿದ್ದರೆ? ಹೊರಡಲು ಎದ್ದು ನಿಂತೆ. ಅವಳು ಸೆರಗು ಹೊದ್ದು, ಬಗ್ಗಿ, ನನ್ನ ಕಾಲು ಮುಟ್ಟಿದಳು.

“ಭಾಳ ಹೊತ್ತು ಬಗ್ಗಬ್ಯಾಡ,” ಎಂದು ತಾಯಿ ಚಹಾದ ಕಪ್ಪು ಹಿಡಿದು ಓಡಿಬಂದಳು, “ತಲಿ ತಿರುಗೀತು.”