ಮೂರು ಡಿಸ್ಕಿನಲ್ಲಿ ನಿಂತ ಓಣಿ

ನಿನ್ನೆ ನವನಗರದ ಮಾರ್ಕೆಟ್ಟಿಗೆ ಪ್ರಿಂಟರಿನ ಶಾಯಿ ತರಲು ಹೋದವಳು ರಿಪೇರಿ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಬಿಚ್ಚಿಟ್ಟಿದ್ದ ಹಳೇ ಕಂಪ್ಯೂಟರಿನಿಂದ ಟಕ್, ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಹಾರ್ಡ್ ಡಿಸ್ಕು ಪ್ರಾಣ ಬಿಡುವಾಗ ಮಾಡುವ ಸದ್ದು ಅದು. ಅದರ ಮಾಲೀಕ ತಲೆ ಮೇಲೆ ಕೈ ಹೊತ್ತು ಕೂತಿದ್ದ. ನನ್ನ ಮುಖದಲ್ಲಿ ಮಾತ್ರ ನಗು! ಪಾಪ, ಅವನು ನನ್ನನ್ನು ಎಂಥ ಹೆಂಗಸು ಎಂದುಕೊಂಡನೋ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೇಳಿ.

ಹಳೇ ಬಾಗಲಕೋಟೆಯ ನಮ್ಮ ಓಣಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆ ಎಂದು ಖಚಿತವಾಗಿ, ಜನ ಒಬ್ಬೊಬ್ಬರಾಗಿ ನವನಗರಕ್ಕೆ ಗಂಟು ಕಟ್ಟುತ್ತಿದ್ದ ಕಾಲ. ನಮ್ಮಪ್ಪನದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋಗಳ ಮಿಕ್ಸಿಂಗ್ ಕೆಲಸ ನನ್ನದು. ವಧುವಿನ ಮುಖ ಗುಲಾಬಿ ಹೂವಿನೊಳಗಿಂದ ಮೂಡಿಬರುವಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ. ಹೀಗೆಂದು ನಾನೇ ಹೇಳಿಕೊಳ್ಳುತ್ತಿದ್ದೆ, ಬೇರೆ ಯಾರೂ ಹೇಳಿದ ನೆನಪಿಲ್ಲ. ಮನೆಗಳನ್ನು ಕೆಡವುವ ಮೊದಲು ಒಂದೊಂದನ್ನೂ ವಿಡಿಯೋ ಮಾಡಿಡೋಣ ಎಂದು ಹೊರಟವಳೂ ನಾನೇ.

ಎಲ್ಲರಿಗಿಂತ ಮೊದಲು ಕರೆದವರು ಗಿರಿಜಕ್ಕ, ಅರಿವೆ ಅಂಗಡಿಯವರು. ಅವರ ಮನೆಗೆ ಅಂಟಿಕೊಂಡದ್ದು ಪಾರ್ವತವ್ವನ ಮನೆ. ನಡುವೆ ಒಂದೇ ಗೋಡೆ, ಆ ಗೋಡೆಯ ಬುಡದಲ್ಲಿ ಒಂದು ಮೋರಿ. ಆ ಮೋರಿಯ ನೀರಿಗಾಗಿ ಇಬ್ಬರಿಗೂ ಎಷ್ಟೋ ವರ್ಷಗಳಿಂದ ಮಾತಿಲ್ಲ. ಬೈಗುಳ ಇತ್ತು, ಅದನ್ನು ಮಾತು ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಚಿತ್ರೀಕರಣವೇನೋ ಆಯಿತು. ಆದರೆ ಇಡುವುದೆಲ್ಲಿ? ಟೇಪುಗಳು ದುಬಾರಿ, ಅವನ್ನೇ ಮತ್ತೆ ಮತ್ತೆ ಬಳಸಬೇಕು. ಕಂಪ್ಯೂಟರಿಗೆ ಇಳಿಸೋಣವೆಂದರೆ ಒಂದು ಡಿಸ್ಕಿನಲ್ಲಿ ಇಡೀ ಓಣಿ ಹಿಡಿಸದು. ಗಿರಿಜಕ್ಕ ಒಂದು ಡಿಸ್ಕು ಕೊಡಿಸಿದರು. ಸುದ್ದಿ ಗೋಡೆ ದಾಟಿದ ಮರುದಿನವೇ ಪಾರ್ವತವ್ವನೂ ಒಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು.

"ಇದರಾಗ ನನ್ನ ಮನಿ ಅಷ್ಟ ಇರಬೇಕು ನೋಡ ತಂಗಿ. ಆಕಿದು ಆಕಿ ಡಿಸ್ಕಿನಾಗ ಇಡು. ಇಲ್ಲೂ ಆಕಿ ಮೋರಿ ನೀರು ನನಗ ಬ್ಯಾಡ."

ಗಿರಿಜಕ್ಕನದೂ ಅದೇ ಮಾತು. ಆದರೆ ನಾನು ಹಠಮಾರಿ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆಯಾಗಿ ಬಂದ ಲಿನಕ್ಸ್ ಸಿ.ಡಿ. ನನ್ನ ಕೈಯಲ್ಲಿತ್ತು. ಅವರ ಎರಡು, ನನ್ನದೊಂದು, ಹೀಗೆ ಮೂರು ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕಿನಂತೆ ಮಾಡುವ ದಾರಿ ಅದರಲ್ಲಿತ್ತು. ರೇಡ್ ಎನ್ನುತ್ತಾರೆ. ಅದಕ್ಕೆ ಬೇರೆ ಯಂತ್ರ ಬೇಡ, ತಂತ್ರಾಂಶವೇ ಸಾಕು. ಇಬ್ಬರನ್ನೂ ಸ್ಟುಡಿಯೋಗೆ ಕರೆದು, ಒಬ್ಬರನ್ನು ಬಾಗಿಲ ಬಳಿ, ಇನ್ನೊಬ್ಬರನ್ನು ಕಿಟಕಿ ಬಳಿ ಕೂರಿಸಿ ಪಾಠ ಮಾಡಿದೆ. "ಒಂದರಾಗ ಐದು ಬರದೇನಿ, ಇನ್ನೊಂದರಾಗ ಮೂರು, ಮೂರನೇದರಾಗ ಎರಡೂ ಕೂಡಿಸಿದ ಎಂಟು. ಈಗ ಮೂರು ಬರದ ಡಿಸ್ಕ್ ಕೆಟ್ಟು ಹೋತಂದ್ರ? ಎಂಟರಾಗ ಐದು ಕಳದ್ರ ಮೂರು ಮತ್ತ ಸಿಗತೈತಿ. ಯಾವುದು ಕೆಟ್ಟರೂ ಉಳಿದ ಎರಡು ಸೇರಿ ಹೇಳತಾವು."

"ಮೂರು ಡಿಸ್ಕ್ ಕೊಟ್ಟು ಎರಡರಷ್ಟ ಜಾಗಾ ಸಿಗತೈತಿ ಅಂದಂಗಾತು. ಒಂದನ್ನ ನೀನ ನುಂಗತಿ ಏನು?" ಎಂದರು ಗಿರಿಜಕ್ಕ. ಅರಿವೆ ಅಂಗಡಿಯ ಲೆಕ್ಕ, ತಪ್ಪುವುದುಂಟೆ!

"ಕೂಡಿಸಿದ್ರ ಮಾಡ್ತೇನಿ. ಇಲ್ಲಂದ್ರ ನಿಮ್ಮ ನಿಮ್ಮ ಡಿಸ್ಕ್ ಒಯ್ಯರಿ" ಎಂದೆ. ಇಬ್ಬರೂ ಗೊಣಗಿಕೊಂಡೇ ಒಪ್ಪಿದರು. ಯಾವುದು ಯಾರದೆಂದು ನೆನಪಿರಲಿ ಎಂದು ಡಿಸ್ಕುಗಳ ಮೇಲೆ ಹೆಸರಿನ ಚೀಟಿ ಅಂಟಿಸಿದೆ. ಓಣಿ ಒಂದಾಗಿ ಒಳಗಿಳಿಯಿತು. ಆ ಟೇಪುಗಳ ಮೇಲೆ ವಾರದೊಳಗೇ ಕೆರೂರಿನ ಯಾರದೋ ಮದುವೆ ಬಂದು ಕೂತಿತು.

ಮುಂದೆ ಮನೆಗಳು ಬಿದ್ದವು. ಗಿರಿಜಕ್ಕ ತಮ್ಮ ಮನೆ ಕೆಡವುವ ದಿನ ಅತ್ತ ಸುಳಿಯಲಿಲ್ಲ. "ಬೀಳೂದನ್ನ ನಾ ನೋಡಾಂಗಿಲ್ಲ. ನಿನ್ನ ಕಂಪ್ಯೂಟರಿನಾಗ ನಿಂತದ್ದು ಐತಲ್ಲ, ಅದನ್ನ ನೋಡ್ತೇನಿ" ಎಂದರು. ಅವತ್ತು ನನ್ನ ಎದೆ ಭಾರವಾಯಿತು. ಇಡೀ ಮನೆಯನ್ನು ಒಬ್ಬರು ನಂಬಿ ನಮ್ಮ ಕೈಗಿಟ್ಟರೆ ಹಾಗೆಯೇ ಆಗುತ್ತದೆ.

ಹೊಸ ಮನೆಯ ಗೃಹಪ್ರವೇಶದಂದು ಎಲ್ಲರಿಗೂ ತೋರಿಸಬೇಕೆಂದು ಅವರ ಆಸೆ. ನವನಗರದ ಯಾವ್ಯಾವುದೋ ಸೆಕ್ಟರಿಗೆ ಚದುರಿಹೋಗಿದ್ದ ಓಣಿಯ ಜನ ಅವತ್ತು ಒಂದೆಡೆ ಸೇರಿದ್ದರು. ಕರೆಯದಿದ್ದರೂ ಬಂದ ಪಾರ್ವತವ್ವ ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದಳು. ಕಂಪ್ಯೂಟರನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಹೋಗಿದ್ದೆ. ಆಗಿನ ನವನಗರದ ರಸ್ತೆಗಳೋ, ದೇವರಿಗೇ ಪ್ರೀತಿ! ಟಿ.ವಿ.ಗೆ ವೈರು ಜೋಡಿಸಿ ಗುಂಡಿ ಒತ್ತಿದೆ. ಟಕ್, ಟಕ್, ಟಕ್.

ಮುಚ್ಚಳ ತೆಗೆದು ನೋಡಿದರೆ ಸದ್ದು ಬರುತ್ತಿದ್ದದ್ದು ಗಿರಿಜಕ್ಕನ ಹೆಸರು ಹಚ್ಚಿದ ಡಿಸ್ಕಿನಿಂದಲೇ. ಅವರೂ ಬಗ್ಗಿ ಹೆಸರು ಓದಿದರು.

"ನಂದ ಹೋತೇನ? ಹಂಗಾರ ನಮ್ಮನಿ ಹೋತಲ್ಲವಾ!" ಎಂದು ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಪಾಠ ಹೇಳಿದವಳೇನೋ ನಾನು, ಆದರೆ ಡಿಸ್ಕು ನಿಜಕ್ಕೂ ಸತ್ತದ್ದನ್ನು ಅವತ್ತೇ ಮೊದಲು ಕಂಡಿದ್ದೆ. ಅದನ್ನು ಕಿತ್ತು ಪಕ್ಕಕ್ಕಿಟ್ಟು, ಉಳಿದ ಎರಡರ ಮೇಲೆಯೇ ಏಳು ಎಂದು ಆಜ್ಞೆ ಬರೆದೆ. ಎರಡು ಸಲ ತಪ್ಪಾಯಿತು. ಮೂರನೆಯ ಸಲಕ್ಕೆ ಯಂತ್ರ ಒಂದು ಡಿಸ್ಕು ಕಾಣೆಯಾಗಿದೆ ಎಂದು ತಕರಾರು ತೆಗೆದು, ಆಮೇಲೆ ಒಪ್ಪಿಕೊಂಡಿತು.

ಟಿ.ವಿ.ಯಲ್ಲಿ ಗಿರಿಜಕ್ಕನ ತಲೆಬಾಗಿಲು ತೆರೆಯಿತು. ಪಡಸಾಲೆ, ದೇವರ ಮಾಡ, ಹೊಗೆ ಹಿಡಿದ ಅಡುಗೆಮನೆ, ಒಂದೂ ಅಳಿಯದೆ ಬಂದವು. ಅಡುಗೆಮನೆಯ ದೃಶ್ಯ ನಡೆಯುತ್ತಿದ್ದಾಗ ಗೋಡೆಯಾಚೆಯಿಂದ ಕಂಚಿನಂಥ ಕಂಠವೊಂದು ಎದ್ದಿತು: "ಏ ಗಿರಿಜಾ! ನಿನ್ನ ಮೋರಿ ನೀರು ಮತ್ತ ನನ್ನ ಅಂಗಳಕ್ಕ ಬಂದೈತಿ! ಕಣ್ಣ ಕಾಣಂಗಿಲ್ಲೇನ ನಿನಗ?"

ಇಡೀ ಓಣಿ ಹೊಟ್ಟೆ ಹಿಡಿದು ನಕ್ಕಿತು. ಬಾಗಿಲಲ್ಲಿದ್ದ ಪಾರ್ವತವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಿರಿಜಕ್ಕ ಮಾತ್ರ ನಗಲಿಲ್ಲ. ನನ್ನತ್ತ ತಿರುಗಿ ಕೇಳಿದರು, "ನನ್ನ ಡಿಸ್ಕ್ ಸತ್ತೈತಿ. ಮತ್ತ ಇದು ಎಲ್ಲಿಂದ ಬಂತು?"

"ನಂದರಾಗಿಂದ, ಮತ್ತ ಪಾರ್ವತವ್ವಾರ ಡಿಸ್ಕಿನಾಗಿಂದ್ರಿ."

ಗಿರಿಜಕ್ಕ ಎದ್ದರು. ಬಾಗಿಲಿಗೆ ಹೋಗಿ ಪಾರ್ವತವ್ವನ ರಟ್ಟೆ ಹಿಡಿದರು. "ಒಳಗ ಬಾ. ಇಲ್ಲಿ ಮೋರಿ ಇಲ್ಲ, ಬೈಯಾಕೂ ಒಬ್ಬರಿಲ್ಲ. ನನಗ ಭಾಳ ಬ್ಯಾಸರ ಆಗೈತಿ ಪಾರಿ." ಸಿಡುಕಿಗೆ ಹೆಸರಾದ ಪಾರ್ವತವ್ವ ಗೊಳೋ ಎಂದು ಅತ್ತಳು. ನಾನೂ ಅತ್ತೆ, ಆದರೆ ನನ್ನದು ಹೆಮ್ಮೆಗೆ. ಇಂದಿಗೂ ಆ ಹೆಮ್ಮೆ ಇಳಿದಿಲ್ಲ, ಇಳಿಸುವ ವಿಚಾರವೂ ನನಗಿಲ್ಲ.

ಸತ್ತದ್ದರ ಜಾಗಕ್ಕೆ ಹೊಸ ಡಿಸ್ಕು ಬಂತು. ಕಾಲಾಂತರದಲ್ಲಿ ಉಳಿದೆರಡೂ ಬದಲಾದವು. ಮೊದಲಿನ ಮೂರರಲ್ಲಿ ಈಗ ಒಂದೂ ಇಲ್ಲ, ಓಣಿ ಮಾತ್ರ ಹಾಗೇ ನಿಂತಿದೆ. ನಿನ್ನೆ ಮಾರ್ಕೆಟ್ಟಿನಿಂದ ಬಂದವಳೇ ಸುಮ್ಮನಿರಲಾಗದೆ ಯಂತ್ರ ಹಚ್ಚಿ, ಎಲ್ಲ ಸರಿಯಿದೆಯೇ ಎಂದು ಒಮ್ಮೆ ತಪಾಸಣೆ ಮಾಡಿದೆ. ಸರಿಯಿತ್ತು. ಗಿರಿಜಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವರಿಗೀಗ ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. ಪಾರ್ವತವ್ವ ತೀರಿಹೋಗಿ ಮೂರು ವರ್ಷವಾಯಿತು.

"ಪಾರಿ ಮನಿ ಐತಿಲ್ಲೋ?" ಎಂದರು ಗಿರಿಜಕ್ಕ. ತಮ್ಮದನ್ನು ಕೇಳಲೇ ಇಲ್ಲ.

"ಐತ್ರಿ" ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಅಕ್ಕಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ, "ಐತ್ರೀ ಗಿರಿಜಕ್ಕಾ!" ಎಂದೆ.