ಗೋದಾವರಿಯ ಓಟು

ಮೊನ್ನೆ ಬೆಳಿಗ್ಗೆ ಅಂಗನವಾಡಿ ಟೀಚರು ಬಂದು ಬಾಗಿಲಿಗೆ ಭುಜ ಆನಿಸಿ ನಿಂತಾಗ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಅವರ ಕಂಕುಳಲ್ಲಿ ಮತದಾರರ ಪಟ್ಟಿ ಇತ್ತು. ಹಾಳೆಗಳ ಅಂಚುಗಳು ಬೆವರಿಗೆ ಮೆತ್ತಗಾಗಿ ಸುರುಳಿ ಸುತ್ತಿಕೊಂಡಿದ್ದವು. ನೌಬಾದದ ನಮ್ಮ ಓಣಿಗೆ ಇವರು ಹನ್ನೊಂದು ವರ್ಷದಿಂದ ಬರುತ್ತಾರೆ. ಪೋಲಿಯೋ ಹನಿಗೂ ಅವರೇ, ಜನಗಣತಿಗೂ ಅವರೇ, ಓಟಿನ ಚೀಟಿಗೂ ಅವರೇ. ಅವರ ಹೆಸರೇನೆಂದು ನಾನು ಎಂದೂ ಕೇಳಿರಲಿಲ್ಲ. ಟೀಚರ್ ಎಂದರೆ ತಿರುಗಿ ನೋಡುತ್ತಿದ್ದರು, ಅಷ್ಟೇ ಸಾಕಾಗಿತ್ತು.

"ಅಜ್ಜಿಯವರ ಹೆಸರು ತೆಗೀಬೇಕಲ್ರಿ ಅಕ್ಕಾ," ಎಂದರು. "ಏಳನೇ ನಮೂನಿ ತಂದೀನಿ. ನೀವೇ ತುಂಬ್ರಿ, ನಿಮ್ಮ ಅಕ್ಷರ ಚಂದ ಅವ. ಅಜ್ಜಿಯವರ ಕಾರ್ಡ್ ಸಿಗ್ತದೇನು ನೋಡ್ರಿ."

ಅಜ್ಜಿಯೆಂದರೆ ನನ್ನ ಅತ್ತೆ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಮುಚ್ಚಳ ತೆಗೆದರೆ ಲವಂಗದ್ದೂ ತುಕ್ಕಿನದೂ ಕೂಡಿದ ವಾಸನೆ. ಕಾರ್ಡು ಮೇಲೆಯೇ ಸಿಕ್ಕಿತು. ಅದರ ಕೆಳಗೆ ನಾಲ್ಕು ಮಡಿಕೆಯ ಇನ್ನೊಂದು ಫಾರಂ ಇತ್ತು. ಬಿಚ್ಚಿ ನೋಡಿದೆ. ಎಂಟನೇ ನಮೂನೆ, ಹೆಸರು ತಿದ್ದುಪಡಿಗೆಂದು ತಂದಿಟ್ಟದ್ದು. ನನ್ನದೇ ದುಂಡಕ್ಷರದಲ್ಲಿ ಒಂದೇ ಒಂದು ಪದ ಬರೆದಿತ್ತು: ಗೋದಾವರಿ. ಉಳಿದದ್ದೆಲ್ಲ ಖಾಲಿ.

ನಾನು ಬೀದರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನನಗೆ ಕಲಿಸಿದ್ದರಲ್ಲಿ ಎರಡು ಮಾತ್ರ ಇವತ್ತಿಗೂ ಉಳಿದಿವೆ. ಅಕ್ಷರ ಗೆರೆ ಬಿಟ್ಟು ಹೊರಗೆ ಹೋಗದಂತೆ ಬರೆಯುವುದು ಒಂದು, ಎದುರಿನವರಿಗೆ ಬೇಸರವಾಗದಂತೆ ನಗುತ್ತ 'ಆಯ್ತು' ಎನ್ನುವುದು ಇನ್ನೊಂದು. ಎರಡನೆಯದರಿಂದ ಆದ ಅನಾಹುತವನ್ನೇ ನಿಮಗೆ ಹೇಳಹೊರಟಿದ್ದೇನೆ.

ಅತ್ತೆ ಹುಟ್ಟಿದ್ದು ಔರಾದ್ ತಾಲೂಕಿನ ಒಂದು ಹಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಸಾಲಿಗೆ ಹೋಗಿ ಓದಿದವರಲ್ಲ. ಆ ಕಡೆ ಮಾತಿಗೆ ಮರಾಠಿ ಜಾಸ್ತಿ. ಎಂಟು ವರ್ಷದವರಿದ್ದಾಗ ಸಂತೆಯಲ್ಲಿ ಹಚ್ಚೆ ಹಾಕುವವಳ ಮುಂದೆ ಕೂತು ಮುಂಗೈ ಮೇಲೆ ಮರಾಠಿ ಅಕ್ಷರದಲ್ಲಿ ತಮ್ಮ ಹೆಸರು ಬರೆಸಿಕೊಂಡಿದ್ದರಂತೆ: ಗೋದಾವರಿ. ಭಾಲ್ಕಿಗೆ ಮದುವೆಯಾಗಿ ಬಂದ ದಿನ ಅಕ್ಕಿಯ ತಟ್ಟೆಯಲ್ಲಿ ಉಂಗುರದ ತುದಿಯಿಂದ ಹೊಸ ಹೆಸರು ಬರೆದರು: ಸುಶೀಲಾಬಾಯಿ. ಸೊಸೆಗೆ ಹೆಸರು ಬದಲಿಸುವುದು ನಮ್ಮ ಕಡೆ ಪದ್ಧತಿ. ಆದರೆ ಆ ಹೊಸ ಹೆಸರನ್ನು ಹಿಡಿದು ಮನೆಯಲ್ಲಿ ಯಾರೂ ಕರೆಯಲಿಲ್ಲ. ಅತ್ತೆಯ ಅತ್ತೆಗೆ ಇವರು 'ಏ ಹುಡುಗಿ', ಗಂಡನಿಗೆ 'ಕೇಳ್ತೇನು', ಆಮೇಲೆ ಮಕ್ಕಳಿಗೆ 'ಅವ್ವ'. ಅಕ್ಕಿಯನ್ನು ಅನ್ನ ಮಾಡಿ ಉಂಡರು, ಹೆಸರು ಅಲ್ಲಿಗೇ ಮುಗಿಯಿತು.

ಮುಗಿಯಿತೆಂದೇ ಅತ್ತೆಯೂ ತಿಳಿದಿದ್ದರು, ಮೊದಲ ಓಟಿನ ದಿನದವರೆಗೆ.

ಆಗ ಇಪ್ಪತ್ತೊಂದು ತುಂಬಿದವರಿಗೆ ಓಟು. ಅವರ ಮಾವನವರು ಭಾಲ್ಕಿಯಲ್ಲಿ ಒಬ್ಬ ಅಭ್ಯರ್ಥಿಯ ಪರವಾಗಿ ಮನೆಮನೆ ತಿರುಗುವ ಮನುಷ್ಯ. ಮನೆಯ ಓಟು ಒಂದೂ ಆಚೀಚೆ ಆಗಬಾರದೆಂದು ಎಲ್ಲರನ್ನೂ ಗಾಡಿ ಕಟ್ಟಿ ಕರೆದುಕೊಂಡು ಹೋದರು. ಮತಗಟ್ಟೆ ಮಾಡಿದ್ದ ಸಾಲಿಯ ಕೋಣೆಯೊಳಗೆ ಅಧಿಕಾರಿ "ಸುಶೀಲಾಬಾಯಿ" ಎಂದು ಕರೆದ. ಯಾರೂ ಮುಂದೆ ಬರಲಿಲ್ಲ. ಮತ್ತೆ ಕರೆದ. ಯಾರಪ್ಪಾ ಈ ಕಿವುಡಿ ಎಂದು ಅತ್ತೆಯೂ ಹಿಂದೆ ತಿರುಗಿ ನೋಡಿದರಂತೆ.

ಹಿಂದೆ ನಿಂತವಳು ಬೆನ್ನಿಗೆ ತಿವಿದಳು. ಅಧಿಕಾರಿ ಕೇಳಿದ, "ನಿನ್ನ ಹೆಸರೇನಮ್ಮಾ?"

ಸರಕಾರದವನು ಕೇಳಿದರೆ ಸುಳ್ಳು ಹೇಳಬಾರದೆಂದು ಅತ್ತೆ ಹೇಳಿದರು, "ಗೋದಾವರಿ."

ಎದುರು ಪಾರ್ಟಿಯ ಏಜೆಂಟ್ ಬೆಂಚಿನಿಂದ ಎದ್ದೇಬಿಟ್ಟ. "ಬೋಗಸ್ ಸಾಹೇಬ್ರ, ಬೋಗಸ್! ತನ್ನ ಹೆಸರು ತನಗ ಗೊತ್ತಿಲ್ಲ ಇಕೀಗಿ!"

ಅತ್ತೆ ಬಳೆ ಮೇಲೆ ಸರಿಸಿ ಮುಂಗೈ ಚಾಚಿದರು. "ಸುಳ್ಳು ಯಾಕ ಹೇಳಲ್ರಿ? ನೋಡ್ರಿ, ಬರ್ಸೀನಿ."

ಆ ಅಧಿಕಾರಿಗೆ ಮರಾಠಿ ಓದಲು ಬರುತ್ತಿರಲಿಲ್ಲ. ಏಜೆಂಟನೇ ಹತ್ತಿರ ಬಂದು, ಬೆರಳಿಟ್ಟು, ಗಟ್ಟಿಯಾಗಿ ಓದಿ ಹೇಳಿದ. ಅಲ್ಲಿಗೆ ಇವರು ಸುಶೀಲಾಬಾಯಿ ಅಲ್ಲವೆಂಬುದು ಖಾತ್ರಿಯಾಯಿತು. ಓಟು ಹಾಕದೆ ಹೊರಗೆ ಬಂದರು. ಗಂಡಸರ ಸಾಲಿನಲ್ಲಿ ನಗು ಎದ್ದದ್ದು ಗೇಟಿನವರೆಗೂ ಕೇಳಿಸುತ್ತಿತ್ತಂತೆ. ಆ ಸಲ ಅವರ ಮಾವನವರ ಅಭ್ಯರ್ಥಿ ಸೋತ. ಸಾವಿರಗಟ್ಟಲೆ ಓಟಿನಿಂದಲೇ ಸೋತಿದ್ದರೂ ಮನೆಯಲ್ಲಿ ಅದಕ್ಕೆ 'ನಮ್ಮ ಸೊಸಿ ಸೋಲಿಸಿದ ಎಲೆಕ್ಷನ್' ಎಂದೇ ಹೆಸರಾಯಿತು.

ಮುಂದೆ ಪ್ರತಿ ಸಲವೂ ಅತ್ತೆ ದಾರಿಯುದ್ದಕ್ಕೂ "ಸುಶೀಲಾ, ಸುಶೀಲಾ" ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಹೋಗುತ್ತಿದ್ದರು. ಯಾವ ಚಿತ್ರದ ಮೇಲೆ ಠಸ್ಸೆ ಒತ್ತಬೇಕೆಂದು ಮೊದಲು ಮಾವನವರು ಹೇಳುತ್ತಿದ್ದರು, ಅವರ ನಂತರ ಗಂಡ.

ಈ ಕ್ಷೇತ್ರದ ಚುನಾವಣೆಗಳ ಇತಿಹಾಸವನ್ನು ನಾನು ಕಲಿತದ್ದು ಅವರಿಂದಲೇ. ಅವರ ಲೆಕ್ಕದಲ್ಲಿ ಇಸವಿಗಳಿರಲಿಲ್ಲ. "ನಿನ್ನ ಗಂಡ ಹುಟ್ಟಿದ್ದು ಓಟ್ ಕೇಳಾಕ ಬಂದ ಜೀಪ್ ಹಳ್ಳದಾಗ ಸಿಕ್ಕ ಎಲೆಕ್ಷನ್ನಿಗಿ" ಎನ್ನುವರು. ಜೀಪು ಸಿಕ್ಕಿಕೊಂಡದ್ದು ಅವರ ತವರಿನ ಹಳ್ಳದಲ್ಲಿ. ಆ ಹಳ್ಳಕ್ಕೆ ಪೂಲು, ಅಂದರೆ ಸೇತುವೆ, ಕಟ್ಟಿಸುತ್ತೇವೆಂಬ ಮಾತನ್ನು ಅವರು ಹುಡುಗಿಯಾಗಿದ್ದಾಗಿನಿಂದ ಕೇಳುತ್ತ ಬಂದಿದ್ದರು. ಒಂದೇ ದಿನದಲ್ಲಿ ಒಬ್ಬನೇ ಅಭ್ಯರ್ಥಿ ಔರಾದಿನಲ್ಲಿ ಮರಾಠಿಯಲ್ಲಿ, ಭಾಲ್ಕಿಯಲ್ಲಿ ಕನ್ನಡದಲ್ಲಿ, ಬೀದರಿನ ಹಳೇ ಊರಲ್ಲಿ ಉರ್ದುವಿನಲ್ಲಿ ಮಾತು ಕೊಡುತ್ತಿದ್ದ. "ಮೂರು ಭಾಷಾದಾಗೂ ಪೂಲು ಅಷ್ಟೇ ಉದ್ದ ಇರ್ತಿತ್ತು" ಎಂದು ಅತ್ತೆ ನಗುತ್ತಿದ್ದರು. ಠಸ್ಸೆ ಹೋಗಿ ಯಂತ್ರ ಬಂತು. ಬಹಳ ವರ್ಷ ಮೀಸಲಾಗಿದ್ದ ನಮ್ಮ ಪಾರ್ಲಿಮೆಂಟ್ ಕ್ಷೇತ್ರ ಸಾಮಾನ್ಯವಾಯಿತು. ಔರಾದಿನ ವಿಧಾನಸಭೆ ಕ್ಷೇತ್ರ ಮೀಸಲಾಯಿತು. ಗೋಡೆಯ ಮೇಲೆ ಒಂದು ಗುರುತನ್ನು ಸುಣ್ಣದಿಂದ ಅಳಿಸಿ ಇನ್ನೊಂದು ಬರೆದರು, ಆ ಸುಣ್ಣದೊಳಗಿಂದ ಮೊದಲಿನದು ಮತ್ತೆ ಇಣುಕಿತು. ಕೊನೆಗೊಮ್ಮೆ ಪೂಲೂ ಆಯಿತು. ಅಷ್ಟರಲ್ಲಿ ಅತ್ತೆಯ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಹಳ್ಳದಲ್ಲಿ ನೀರೂ ಉಳಿದಿರಲಿಲ್ಲ.

ನನ್ನ ಮಾವ ತೀರಿಕೊಂಡ ಮೇಲೆ ಅತ್ತೆ ಭಾಲ್ಕಿ ಬಿಟ್ಟು ನೌಬಾದಕ್ಕೆ ನಮ್ಮ ಹತ್ತಿರ ಬಂದರು. ಒಂದು ಮಧ್ಯಾಹ್ನ ಇಬ್ಬರೂ ಪುಂಡಿಪಲ್ಯ ಸೋಸುತ್ತ ಕೂತಿದ್ದೆವು. ಆಗಲೇ ಅವರು ಆ ಮೊದಲ ಓಟಿನ ಕಥೆ ಹೇಳಿದ್ದು. ಹೇಳಿ ಮುಗಿಸಿ ಎಲೆ ಬಿಡಿಸುತ್ತಲೇ ಅಂದರು:

"ನೀ ಇಷ್ಟು ಓದೀದಿ. ಒಮ್ಮಿ ನನ್ನ ಹೆಸರೀಲೆ ಓಟ್ ಹಾಕಬೇಕಂತೀನವಾ. ಯಾವನರೆ ಗೆಲ್ಲಲಿ, ಯಾವನರೆ ಸೋಲಲಿ. ಹೆಸರೇನಂತ ಕೇಳಿದ್ರ ಗೋದಾವರಿ ಅನಬೇಕು, ಅವ ಹೂಂ ಅಂದು ಮಸಿ ಹಚ್ಚಬೇಕು. ಅಷ್ಟೇ."

ನಾನು ನಗುತ್ತ ಅಂದೆ, "ಆಯ್ತ್ರಿ ಅತ್ತಿ."

ಮಾರನೆಯ ದಿನವೇ ಟೀಚರಿಂದ ಫಾರಂ ತರಿಸಿದೆ. ಅದೇ ಉಮೇದಿನಲ್ಲಿ ಮೊದಲ ಪದ ಬರೆದೂ ಬಿಟ್ಟೆ. ಆಮೇಲೆ ದಾಖಲೆ ಏನಿದೆ ಎಂದು ಟೀಚರು ಕೇಳಿದರು. ಅತ್ತೆ ಮುಂಗೈ ಚಾಚಿದರು.

"ಅಯ್ಯ ಅಜ್ಜಿ, ಕೈ ಜೆರಾಕ್ಸ್ ಮಾಡ್ಲಿಕ್ಕ ಬರಂಗಿಲ್ರಿ," ಎಂದು ಟೀಚರು ನಕ್ಕರು. "ಕೋರ್ಟಿನ ಹತ್ರ ಹೋಗಿ ಒಂದು ಅಫಿಡವಿಟ್ ಮಾಡಿಸ್ಕೊಂಡು ಬರ್ರಿ. ಮುಂದಿಂದು ನಾ ನೋಡ್ಕೋತೇನಿ."

ನಮ್ಮ ಮನೆಯಿಂದ ಕೋರ್ಟಿಗೆ ಆಟೋದಲ್ಲಿ ಎಷ್ಟು ಮಹಾ ದೂರ ಹೇಳಿ! ಬರುವ ವಾರ ಹೋಗೋಣ ಎಂದೆ. ಬರುವ ವಾರ ಬಗದಲದಿಂದ ನೆಂಟರು ಬಂದರು. ಆಮೇಲೆ ಬಿಸಿಲು, ಬಿಸಿಲಿನ ಹಿಂದೆಯೇ ನನ್ನ ಮಂಡಿನೋವು, ಉಪ್ಪಿನಕಾಯಿಯ ಕೆಲಸ. ಒಂದು ಚುನಾವಣೆ ಹೋಯಿತು. ಮುಂದಿನದಕ್ಕೆ ಖಂಡಿತ ಎಂದೆ. ಅತ್ತೆ ಸಿಟ್ಟಾಗಲಿಲ್ಲ. ಒಂದು ದಿನ ಮಾತ್ರ, ನಾನು ಮತ್ತೆ 'ಆಯ್ತ್ರಿ' ಎಂದಾಗ, ನನ್ನ ಮುಖವನ್ನೇ ನೋಡಿ ಹೇಳಿದರು:

"ನೀನೂ ಪೂಲು ಕಟ್ಟಾಕ ನಿಂತಿ ನೋಡು."

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಕೊನೆಯ ಸಲ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದವಳು ನಾನೇ. ದಾರಿಯಲ್ಲಿ ತುಟಿ ಅಲ್ಲಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಿತ್ತು, ಹೊರಗೆ ನೋಡುತ್ತ ಕೂತೆ. ಒಳಗೆ ಹುಡುಗ ಅಧಿಕಾರಿಯೊಬ್ಬ ಪಟ್ಟಿ ನೋಡಿ ಕೂಗಿದ, "ಸುಶೀಲಾಬಾಯಿ." ಅತ್ತೆ ತಲೆ ಎತ್ತಿದರು. ನನ್ನ ಕಡೆ ನೋಡಿದರು. ಆಮೇಲೆ ಅವನ ಕಡೆ ತಿರುಗಿ, "ಹೂಂನಪ್ಪಾ, ನಾನೇ," ಎಂದು ಬೆರಳು ಕೊಟ್ಟರು. ಚಾಚಿದ ಮುಂಗೈ ಮೇಲೆ ಹಚ್ಚೆಯ ಅಕ್ಷರಗಳು ಸುಕ್ಕಿನೊಳಗೆ ಮುಚ್ಚಿಹೋಗಿದ್ದವು, ಗೊತ್ತಿದ್ದವರಿಗೆ ಮಾತ್ರ ಓದಲು ಬರುವಂತೆ.

ಮೊನ್ನೆ ಕೈಗೆ ಮೆತ್ತಿದ ಹಿಟ್ಟು ತೊಳೆದು, ಟೀಚರಿಗೆ ಚಹಾ ಇಟ್ಟು, ಏಳನೇ ನಮೂನೆ ತುಂಬಲು ಕೂತೆ. ಹೆಸರು: ಸುಶೀಲಾಬಾಯಿ. ಕಾರಣ: ಮರಣ. ಅರ್ಜಿದಾರರ ಸಹಿ. ಒಂದಕ್ಷರವೂ ಗೆರೆ ದಾಟಲಿಲ್ಲ. ಟೀಚರ ಚಹಾ ಆರುವುದರೊಳಗೆ ಮುಗಿಯಿತು. ಏಳು ವರ್ಷ ನನ್ನಿಂದ ಆಗದ ಕೆಲಸಕ್ಕೆ ಬೇಕಾಗಿದ್ದದ್ದು ಇಷ್ಟೇ ಹೊತ್ತು.

"ಟೀಚರ್, ಈಗ ಈ ಎಂಟನೇದ್ದು ಕೊಟ್ರ ತಗೋತಾರೇನ್ರಿ?" ಎಂದು ಹಳೆಯ ಫಾರಂ ಮುಂದಿಟ್ಟೆ.

ಅವರು ಮಡಿಕೆ ಬಿಚ್ಚಿ ಓದಿದರು. ಅಜ್ಜಿಯ ಮುಂಗೈ ಅವರಿಗೆ ನೆನಪಾಗಿರಬೇಕು, ಈ ಸಲ ನಗಲಿಲ್ಲ. "ಸತ್ತವರ ಹೆಸರು ತಿದ್ದಲಿಕ್ಕ ಬರಂಗಿಲ್ರಿ ಅಕ್ಕಾ. ಇಟ್ಕೋರಿ," ಎಂದು ಮೆಲ್ಲಗೆ ಹಾಗೇ ಮಡಿಚಿ ಕೊಟ್ಟರು.

ಚಹಾದ ಕಪ್ಪು ಕೆಳಗಿಟ್ಟು, ಪಟ್ಟಿ ಕಂಕುಳಿಗೆ ಸೇರಿಸಿ, ಚಪ್ಪಲಿ ಮೆಟ್ಟಿಕೊಂಡರು. ಇನ್ನೂ ಇಡೀ ಓಣಿ ಬಾಕಿ ಇತ್ತು. ಆಗ ನಾನು ಕೇಳಿದೆ, "ಟೀಚರ್, ನಿಮ್ಮ ಹೆಸರೇನ್ರಿ?"

"ಹನ್ನೊಂದು ವರ್ಷ ಆತು, ಈಗ ಕೇಳ್ತೀರಲ್ರಿ! ಸವಿತಾ ರೀ."

"ಅದಲ್ರೀ. ತವರಮನಿದು."

ಅವರು ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತರು. "ಅದ್ಯಾಕ ಬೇಕ್ರಿ ಈಗ," ಎಂದರು. ಆಮೇಲೆ ಮೆಲ್ಲಗೆ, "ಚಂದ್ರಭಾಗಾ."

ಹೇಳಿದವರೇ, ಯಾರೋ ಕರೆದರೇನೋ ಎಂಬಂತೆ, ಹಿಂದೆ ತಿರುಗಿ ನೋಡಿದರು.