ದಾರಿಗೆ ಅಡ್ಡ ನಿಂತ ಮೇಷ್ಟ್ರು

ಮೇಷ್ಟ್ರ ಬಲಗೈ ತೋರುಬೆರಳಿಗೆ ತುದಿಯೇ ಇರಲಿಲ್ಲ. ಮೇವು ಕತ್ತರಿಸುವ ಮೆಷಿನ್ನಿಗೆ ಸಿಕ್ಕಿ ಹೋಗಿತ್ತು. ಆ ಮೊಂಡು ಬೆರಳನ್ನು ಭೂಪಟದ ಮೇಲಿಟ್ಟರೆ ಕಪ್ಪು ಸಮುದ್ರಕ್ಕೆ ಹೋಗುವ ಜಲಸಂಧಿಯ ಜೊತೆಗೆ ಅರ್ಧ ಟರ್ಕಿಯೂ ಮುಚ್ಚಿಹೋಗುತ್ತಿತ್ತು.

ಹೈಸ್ಕೂಲಿನಲ್ಲಿ ನನಗೆ ಸಮಾಜ ಪಾಠ ಮಾಡಿದವರು. ನಿವೃತ್ತರಾದ ಮೇಲೆ ರೇಷ್ಮೆ ಸೀಮೆಯ ವಿಜಯಪುರದ ಹತ್ತಿರ ನಮ್ಮೂರಲ್ಲೇ ಹಿಪ್ಪುನೇರಳೆ ಬೆಳೆಯುತ್ತಿದ್ದರು. ಡೇರಿಗೆ ಹಾಲು ಹಾಕಲು ಬಂದವರನ್ನು ನಿಲ್ಲಿಸಿಕೊಂಡು ಪೇಪರ್ ಓದಿ ಹೇಳುವುದು ಅವರ ಚಟ. ಉಕ್ರೇನ್ ಯುದ್ಧ ಶುರುವಾದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಕಪ್ಪು ಸಮುದ್ರದ ಬಾಗಿಲು ಟರ್ಕಿಯ ಕೈಯಲ್ಲಿದೆ. ಹಳೆಯ ಒಪ್ಪಂದದ ಪ್ರಕಾರ ಸರಕಿನ ಹಡಗಿಗೆ ದಾರಿ ಬಿಡಬೇಕು, ಹೊಡೆದಾಡುವ ದೇಶಗಳ ಯುದ್ಧನೌಕೆಗೆ ಬಿಡಬಾರದು, ಅದು ತನ್ನ ನೆಲೆಗೆ ಮರಳುವುದಾದರೆ ಮಾತ್ರ ಬಿಡಬಹುದು ಎಂದು ವಿವರಿಸುತ್ತಿದ್ದರು.

“ಅದ್ರಿಂದ ಯುದ್ಧ ನಿಂತೋಯ್ತಾ ಸಾರ್?” ಎಂದು ನಾನು ಛೇಡಿಸಿದ್ದೆ.

“ನಿಲ್ಲಲ್ಲ ಕಣಮ್ಮ. ಅಕ್ಕಪಕ್ಕದೋರಿಗೆ ಹಬ್ಬಲ್ಲ, ಅಷ್ಟೆ. ಅದೂ ಬಾಗಿಲಲ್ಲಿರೋನು ಎರಡೂ ಕಡೆಯಿಂದ ಬೈಸ್ಕೊಳೋಕೆ ತಯಾರಿದ್ರೆ.”

ಅದೇ ವರ್ಷ ಹೊಲದ ಬದುವಿಗಾಗಿ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳ ಬಿತ್ತು. ಇಬ್ಬರ ಹೊಲಕ್ಕೂ ಇದ್ದದ್ದು ಒಂದೇ ಬಂಡಿದಾರಿ, ಅದೂ ಮೇಷ್ಟ್ರ ತೋಟದ ಮೂಲಕ. ಒಂದು ಬೆಳಿಗ್ಗೆ ಚಿಕ್ಕಪ್ಪ ಮಚ್ಚು ಹಿಡಿದು ಹೊಲದಲ್ಲಿ ಕೂತಿದ್ದಾನೆಂದು ಸುದ್ದಿ ಬಂತು. ಅಪ್ಪ ನನ್ನ ಸೋದರಮಾವಂದಿರನ್ನು ಟೆಂಪೊ ಹತ್ತಿಸಿಕೊಂಡು ಹೊರಟ. ಅವರ ಕೈಯಲ್ಲೂ ಮಚ್ಚಿದ್ದವು. ನಾನು ಅಳುತ್ತ ಹಿಂದೆಯೇ ಓಡಿದೆ.

ಮೇಷ್ಟ್ರು ದಾರಿಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಲ್ಲಿಸಿ ಅದರ ಮುಂದೆ ನಿಂತಿದ್ದರು.

“ದಾರಿ ಬಿಡಿ ಮೇಷ್ಟ್ರೇ. ನಿಮ್ಗೂ ಇದಕ್ಕೂ ಸಂಬಂಧ ಇಲ್ಲ,” ಎಂದ ಅಪ್ಪ.

“ಇಲ್ಲ ಅಂತ್ಲೇ ನಿಂತಿದ್ದೀನಿ ಕಣಪ್ಪಾ. ನೀರು ಕಟ್ಟೋಕೆ ಬಾ, ದಾರಿ ನಿಂದೇ. ಮಚ್ಚು ಹಿಡ್ಕೊಂಡು ಬಂದ್ರೆ ಯಾರಿಗೂ ಇಲ್ಲ.”

“ಅವ್ನು ಒಳಗಿದ್ದಾನಲ್ಲ?”

“ಕತ್ಲಲ್ಲೇ ನುಗ್ಗಿದ್ದಾನೆ, ನನ್ನ ತಪ್ಪು. ಮನೆಗೆ ಹೋಗ್ತೀನಿ ಅಂದ್ರೆ ಬಿಡ್ತೀನಿ. ಮನೆಗೆ ಹೋಗೋರನ್ನ ತಡೀಬಾರ್ದು.”

ಅಪ್ಪ ಬಾಯಿಗೆ ಬಂದಂತೆ ಬೈದ. ಮೇಷ್ಟ್ರು ಕದಲಲಿಲ್ಲ. ಮಧ್ಯಾಹ್ನವಾಗುವ ಹೊತ್ತಿಗೆ ಮಾವಂದಿರಿಗೆ ಹಸಿವಾಗಿ ಟೆಂಪೊ ಹಿಂದಕ್ಕೆ ತಿರುಗಿತು. ಆಮೇಲೆ ಚಿಕ್ಕಪ್ಪನನ್ನು ಹೊರಗೆ ಬಿಟ್ಟರು. ಅವನೂ ಸುಮ್ಮನಿರಲಿಲ್ಲ, ಮೇಷ್ಟ್ರು ತನ್ನನ್ನು ದನದ ಹಾಗೆ ದೊಡ್ಡಿಗೆ ಹಾಕಿದರೆಂದು ಊರೆಲ್ಲ ದೂರಿದ. ವರ್ಷವಿಡೀ ಎರಡೂ ಮನೆಯವರು ಅವರನ್ನು ಮಾತಾಡಿಸಲಿಲ್ಲ. ಡೇರಿಯ ಹತ್ತಿರ ನಾನೂ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಅಪ್ಪನೂ ಬಂದಿದ್ದ, ಚಿಕ್ಕಪ್ಪನೂ ಬಂದಿದ್ದ. ಗುಂಡಿಯ ಆಚೆಗೊಬ್ಬ, ಈಚೆಗೊಬ್ಬ ನಿಂತರು. ಬದುವಿನ ಕೇಸು ಇನ್ನೂ ಕೋರ್ಟಿನಲ್ಲಿದೆ, ಇರಲಿ. ಆ ಬೆಳಿಗ್ಗೆಯೇ ಒಬ್ಬ ಹೆಣವಾಗಿ ಇನ್ನೊಬ್ಬ ಜೈಲು ಸೇರಬೇಕಾಗಿದ್ದ ಅಣ್ಣತಮ್ಮಂದಿರು, ಬಗ್ಗಿ ಒಂದೊಂದು ಹಿಡಿ ಮಣ್ಣು ಹಾಕಿದರು.